ಗೋಡೆಯ ಬಾಯಿ

ಗೋಡೆಗೂ ಕಿವಿಯುಂಟೆಂದು ಹಿರಿಯರು ಎಚ್ಚರಿಸುವರು. ವಿದ್ಯಾರ್ಥಿಗಳು ನೆರೆದ ಊರಿನಲ್ಲಿ ಅದಕ್ಕೆ ಬಾಯಿಯೂ ಉಂಟು. ತುಮಕೂರು ಅಂಥ ಊರು. ಗುಬ್ಬಿಯಿಂದ ರೈಲಿನಲ್ಲಿಯೂ ಕುಣಿಗಲಿನಿಂದ ಬಸ್ಸಿನಲ್ಲಿಯೂ ನಿತ್ಯ ಬಂದುಹೋಗುವ ಹುಡುಗರು ಎಷ್ಟೋ ಮಂದಿ. ಸಿದ್ಧಗಂಗೆಯ ಮಠದಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆಯುವವರು ಸಾವಿರಾರು ಮಂದಿ. ೨೦೦೪ರಲ್ಲಿ ವಿಶ್ವವಿದ್ಯಾನಿಲಯವೂ ಆದಮೇಲೆ ಇದು ವಿದ್ಯಾಪಟ್ಟಣವೇ ಸರಿ.

ಇಂಥ ಊರಿಗೆ ಹೊಸದಾಗಿ ಬಂದ ಹುಡುಗನು ಪಾಠದ ಕೊಠಡಿಗಳನ್ನು ಅರಿಯುವುದಕ್ಕೆ ಮುಂಚೆಯೇ ಒಂದು ಗೋಡೆಯನ್ನು ಕಂಡುಕೊಳ್ಳುವನು. ಅದು ಸೈಕಲ್ಲುಗಳನ್ನು ನಿಲ್ಲಿಸುವ ಚಪ್ಪರದ ಹಿಂದೆಯೋ, ಹಾಸ್ಟೆಲಿನ ಮೆಟ್ಟಿಲ ಬದಿಯಲ್ಲಿಯೋ ಇರುವುದುಂಟು. ಇದ್ದಿಲು, ಸೀಮೆಸುಣ್ಣ, ಮೊಳೆಯ ತುದಿ, ಕೈಗೆ ಸಿಕ್ಕಿದುದೇ ಅಲ್ಲಿ ಲೇಖನಿ. ಬಾಣ ನೆಟ್ಟ ಹೃದಯ, ಮೆಚ್ಚಿನ ನಟನ ಹೆಸರು, ಪರೀಕ್ಷೆಯನ್ನು ಕುರಿತ ನಿಟ್ಟುಸಿರು, ಅದರ ಕೆಳಗೆ ಬೇರೊಬ್ಬನು ಹೇಳಿದ ಸಮಾಧಾನ. ಇವುಗಳ ನಡುವೆ ತನ್ನ ಊರಿನ ಹೆಸರೂ ಒಂದು ಹಳೆಯ ಇಸವಿಯೂ ಕಣ್ಣಿಗೆ ಬಿದ್ದರೆ ಹುಡುಗನು ಅಲ್ಲಿಯೇ ನಿಲ್ಲುವನು. ಬರೆದವನಾರೋ ತಿಳಿಯದು. ಆದರೆ ತನ್ನ ಊರಿನವನೊಬ್ಬನು ತನಗಿಂತ ಮುಂಚೆ ಇಲ್ಲಿ ಬಂದು ಓದಿ ಹೋದನೆಂಬುದೇ ಅವನಿಗೊಂದು ಧೈರ್ಯ.

ಈ ಆಸೆ ಇಂದಿನದಲ್ಲ. ಕುಣಿಗಲಿನಿಂದ ಪಶ್ಚಿಮಕ್ಕೆ ಸಾಗುವ ಹೆದ್ದಾರಿಯನ್ನು ಹಿಡಿದು ಹೋದರೆ ಶ್ರವಣಬೆಳ್ಗೊಳಕ್ಕೆ ದಾರಿ. ಅಲ್ಲಿಯ ಚಿಕ್ಕಬೆಟ್ಟದ ಬಂಡೆಯ ಮೇಲೆ ಯಾತ್ರಿಕರು ಕೊರೆದ ಹೆಸರುಗಳು ಹಲವು. ಅವುಗಳಲ್ಲಿ 'ಶ್ರೀ ಕವಿರತ್ನ' ಎಂಬುದೂ ಒಂದು; ಅದು ೧೦ನೆಯ ಶತಮಾನದ ರನ್ನನದೇ ಎಂದು ವಿದ್ವಾಂಸರ ಅಭಿಪ್ರಾಯ. ರನ್ನನು ಮುಧೋಳದ ಬಳೆಗಾರರ ಮನೆಯ ಮಗ. ವಿದ್ಯೆಯನ್ನರಸಿ ಅಷ್ಟು ದೂರ ಬಂದವನೆಂದು ಪ್ರತೀತಿ. ಸಿಂಹಳದ ಸಿಗಿರಿಯದಲ್ಲಿಯೂ ನೋಡಬಂದವರು ನುಣುಪಾದ ಗೋಡೆಯೊಂದರ ಮೇಲೆ ಪದ್ಯಗಳನ್ನು ಗೀಚಿದರು. ಪರಣವಿತಾನ ಎಂಬ ಪಂಡಿತರು ಅಂಥ ೬೮೫ ಪದ್ಯಗಳನ್ನು ಓದಿ ೧೯೫೬ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹೆಂಗಸರು ಬರೆದವೂ ಇವೆ.

ಹಾಗೆಂದು ಗೋಡೆಯ ಮೇಲಿನದೆಲ್ಲವೂ ಕಾವ್ಯವಲ್ಲ. ರನ್ನನನ್ನು ನೆನೆದು ಇಂದು ಬೆಟ್ಟದಲ್ಲಿ ಉಳಿ ಹಿಡಿದವನನ್ನು ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆ ದಂಡಿಸುವುದು. ಊರಿನ ಗೋಡೆಗಳನ್ನು ಕೆಡಿಸುವವರಿಗೆ ೧೯೮೧ರ ರಾಜ್ಯದ ಕಾಯಿದೆ ಉಂಟು. ಕಾಯಿದೆಗಿಂತಲೂ ದೊಡ್ಡ ಮಾತು ಇನ್ನೊಂದಿದೆ. ಮರೆಯ ಗೋಡೆ ಹುಡುಗರ ಗೋಡೆ. ಅಲ್ಲಿ ವಿದ್ಯಾರ್ಥಿನಿಯ ಹೆಸರು ಬರುವುದುಂಟು, ಅವಳ ಕೈಬರಹ ಬರುವುದು ಅಪರೂಪ. ಒಬ್ಬಳ ಮಾನವನ್ನು ಕೆಡಿಸುವ ಸಾಲಿಗೆ ಅವಳು ಎಲ್ಲಿ ನಿಂತು ಉತ್ತರ ಬರೆದಾಳು? ಅಂಥ ಸಾಲಿಗೆ ಒಡನೆಯೇ ಸುಣ್ಣ ಬಳಿಯತಕ್ಕದ್ದು.

ಆದರೆ ಸುಣ್ಣವೊಂದೇ ಉತ್ತರವಲ್ಲ. ಬಳಿದ ಗೋಡೆಯ ಮೇಲೆ ಮರುವಾರವೇ ಇದ್ದಿಲು ಓಡಾಡುವುದನ್ನು ಕಾಣದ ಮೇಷ್ಟರಾರು? ಮರೆಯಲ್ಲಿ ಬರೆದದ್ದು ಮರೆಯ ಮಾತಾಗುತ್ತದೆ. ಬೆಳಕಿನಲ್ಲಿ ಬರೆಯುವವನು ಒಮ್ಮೆ ಯೋಚಿಸುವನು. ನಮ್ಮ ಕಾಲೇಜುಗಳಲ್ಲಿ ಗೋಡೆಪತ್ರಿಕೆಯ ರೂಢಿ ಹಳೆಯದು. ಅದರ ಪಕ್ಕದಲ್ಲಿ, ಎಲ್ಲರೂ ನಡೆದಾಡುವ ಹಾದಿಯಲ್ಲಿ, ಒಂದು ಗೋಡೆಯನ್ನು ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ಬಿಟ್ಟುಕೊಡಬಾರದೇಕೆ? ವರ್ಷಕ್ಕೊಮ್ಮೆ ಅದಕ್ಕೆ ಸುಣ್ಣವಾಗಲಿ. ಅದಕ್ಕೆ ಮುಂಚೆ ಒಳ್ಳೆಯ ಸಾಲುಗಳನ್ನು ಯಾರಾದರೂ ಒಂದು ಪುಸ್ತಕಕ್ಕೆ ಇಳಿಸಿಕೊಳ್ಳಲಿ. ಮುಂದಿನ ವರ್ಷ ಗುಬ್ಬಿಯಿಂದಲೋ ಕುಣಿಗಲಿನಿಂದಲೋ ಬರುವ ಮಗುವಿಗೆ ತನ್ನ ಊರಿನ ಹೆಸರು ಅಲ್ಲಿ ಸಿಕ್ಕೀತು.