ಬೆನ್ನ ಹಿಂದೊಂದು ಮನೆ: ಹುಲಿಕೆರೆಯಿಂದ ಚಾರ್ಮಾಡಿ ಘಾಟಿಗೆ

"ಏನ್ ಮಗ ಇದು, ಮನೇನೇ ಕಿತ್ಕಂಡ್ ಬಂದ್ಬಿಟ್ಟಿದ್ದೀಯ?"

ಹುಲಿಕೆರೆಯ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿದಾಗ ಚಿಕ್ಕಪ್ಪ ಕೇಳಿದ ಮೊದಲ ಮಾತು ಇದು. ಕಾರಿನ ಹಿಂದೆ ಗೆಳೆಯನಿಂದ ಎರವಲು ತಂದಿದ್ದ ಪುಟ್ಟ ಕ್ಯಾಂಪರ್ ಟ್ರೇಲರ್ ಇತ್ತು. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಒಂದು ಸಣ್ಣ ಸ್ಟೌ, ನೀರಿನ ಟ್ಯಾಂಕು, ಮೂಲೆಯಲ್ಲೊಂದು ಪರದೆ, ಪರದೆಯ ಹಿಂದೆ ಕಮೋಡು. ಎಲ್ಲ ತುಂಬಿದರೆ ಸುಮಾರು 750 ಕೆಜಿ.

ನಿಜ ಹೇಳ್ಬೇಕು ಅಂದ್ರೆ, ಇಷ್ಟೆಲ್ಲ ಸಾಹಸ ಆ ಕಮೋಡಿಗಾಗಿಯೇ. ಅಮ್ಮನಿಗೆ ಎರಡೂ ಮಂಡಿ ನೋವು. ಕೂತು ಏಳೋಕೆ ಆಗಲ್ಲ. ದಾರಿಯಲ್ಲಿ ಶೌಚಾಲಯ ಹೇಗಿರುತ್ತೋ ಅನ್ನೋ ಭಯಕ್ಕೆ ಪ್ರಯಾಣದ ಹಿಂದಿನ ದಿನದಿಂದಲೇ ನೀರು ಕುಡಿಯೋದು ನಿಲ್ಲಿಸಿಬಿಡ್ತಾರೆ. ಧರ್ಮಸ್ಥಳಕ್ಕೆ ಹೋಗಬೇಕು ಅಂತ ನಾಲ್ಕು ವರ್ಷದಿಂದ ಹೇಳುತ್ತಿದ್ದವರು, ಹೊರಡೋ ಹೊತ್ತಿಗೆ "ಮುಂದಿನ ಸಲ ನೋಡೋಣ ಬಿಡು" ಅನ್ನುತ್ತಿದ್ದರು. ಕಾರಣ ಬಾಯಿಬಿಟ್ಟು ಹೇಳಿದವರಲ್ಲ. ಅದನ್ನು ಅರ್ಥ ಮಾಡಿಕೊಂಡು ನನಗೆ ಹೇಳಿದ್ದು ನನ್ನ ಹೆಂಡತಿ.

ಕೊಳದ ಮೆಟ್ಟಿಲ ಮೇಲೆ

ಹಳೇಬೀಡಿಗೆ ಬಂದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯ ನೋಡಿ ಸೀದಾ ಬೇಲೂರಿಗೆ ಹೋಗಿಬಿಡುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಆದರೆ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ನಮ್ಮೂರಿಗೆ ಬರುವವರು ಕಡಿಮೆ. ಊರೊಳಗೆ ಹೊಯ್ಸಳರ ಕಾಲದ ಮೆಟ್ಟಿಲುಗಳ ಕಲ್ಯಾಣಿ ಇದೆ. ನಾಲ್ಕೂ ಕಡೆ ಇಳಿಯುವ ಮೆಟ್ಟಿಲು, ಗೋಡೆಯಲ್ಲೇ ಸೇರಿಕೊಂಡ ಪುಟ್ಟ ಪುಟ್ಟ ಗುಡಿಗಳು, ಅವಕ್ಕೆ ಪುಟ್ಟ ಗೋಪುರಗಳು. ಬೆಳಿಗ್ಗೆ ಹೋಗಿ ಸುಮ್ಮನೆ ಕೂತರೆ ಎದ್ದು ಬರಲು ಮನಸ್ಸಾಗಲ್ಲ.

ಅವತ್ತು ಸಂಜೆ ಚಿಕ್ಕಪ್ಪ ನನ್ನನ್ನು ಅಲ್ಲೇ ಕೂರಿಸಿಕೊಂಡು ಕೇಳಿದರು. "ಬೆಂಗಳೂರಿಂದ ಇಲ್ಲಿಗೆ ಎಳ್ಕಂಡ್ ಬಂದೆ, ಸರಿ. ದಾರಿ ಮಟ್ಟಸ. ಚಾರ್ಮಾಡಿ ಇಳಿಸ್ತೀಯಾ?"

"ಹೂಂ ಚಿಕ್ಕಪ್ಪ, ಕಾರಿಗೆ ಪವರ್ ಚೆನ್ನಾಗಿದೆ."

"ಏರೋಕೆ ಪವರ್ ಬೇಕು ಮಗ. ಇಳಿಯೋಕೆ ಬೇಕಾಗಿರೋದು ಬೇರೆ."

ಮೂವತ್ತು ವರ್ಷ ಟ್ರ್ಯಾಕ್ಟರಿನಲ್ಲಿ ಆಲೂಗಡ್ಡೆ, ಶುಂಠಿ, ತೆಂಗಿನಕಾಯಿ ಎಳೆದವರು ಅವರು. ಟ್ರೇಲರ್ ವಿಷಯದಲ್ಲಿ ನನಗಿಂತ, ನಾನು ನೋಡಿದ್ದ ಯೂಟ್ಯೂಬ್ ವಿಡಿಯೋಗಳಿಗಿಂತ ಅವರಿಗೆ ಹೆಚ್ಚು ಗೊತ್ತಿತ್ತು. "ನಾಳೆ ಒಂದಿನ ಇಲ್ಲೇ ಇರು. ಅತ್ತಿಗೇನ ಕೂರಿಸ್ಕಂಡು ಹೋಗ್ತಿದ್ದೀಯ, ಹುಡುಗಾಟ ಅಲ್ಲ" ಅಂದರು. ಒಂದು ದಿನದ ರಜೆ ಹಾಳಾಯ್ತಲ್ಲ ಅಂತ ಒಳಗೊಳಗೇ ಗೊಣಗಿಕೊಂಡೆ.

ಮುಂಭಾರ, ಹಿಂಭಾರ

ಮರುದಿನ ಚಿಕ್ಕಪ್ಪ ಮೊದಲು ನೋಡಿದ್ದು ಕ್ಯಾಂಪರಿನೊಳಗಿನ ಸಾಮಾನು. ಕುಡಿಯುವ ನೀರಿನ ಕ್ಯಾನುಗಳು, ಅಕ್ಕಿ, ಪಾತ್ರೆ ಎಲ್ಲವನ್ನೂ ಹಿಂಬದಿಗೆ ತುಂಬಿದ್ದೆ. ಬಾಗಿಲು ಹಿಂದೆ ಇತ್ತಲ್ಲ, ತೆಗೆಯೋಕೆ ಸುಲಭ ಅಂತ.

"ಎತ್ತಿನ ಗಾಡಿ ಹಿಂಭಾರ ಆದ್ರೆ ಏನಾಗ್ತದೆ? ಮೂಕಿ ಮೇಲಕ್ಕೆದ್ದು ಎತ್ತಿನ ಕುತ್ತಿಗೆ ಬಿಗೀತದೆ. ಮುಂಭಾರ ಜಾಸ್ತಿ ಆದ್ರೆ ನೊಗ ಹೆಗಲು ಒತ್ತತದೆ. ಇದೂ ಗಾಡೀನೇ ಕಣಪ್ಪ."

ಅವರು ಹೇಳಿದ್ದು ಅಕ್ಷರಶಃ ಸರಿ. ಟ್ರೇಲರ್ ಹಿಂಭಾರವಾದರೆ ವೇಗದಲ್ಲಿ ಹಾವಿನ ಹಾಗೆ ಆಚೀಚೆ ಓಲಾಡಲು ಶುರುವಾಗುತ್ತೆ, ಕಾರಿನ ಹಿಂಬದಿಯನ್ನೂ ಎಳೆದಾಡುತ್ತೆ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕೊಕ್ಕೆಯ ಮೇಲೆ ಕೂರಬೇಕು. ನಮ್ಮದಕ್ಕೆ ಅಂದಾಜು 75 ಕೆಜಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಮಿತಿಯನ್ನು ಮಾತ್ರ ಮೀರಬಾರದು. ಮನೆಯಲ್ಲಿ ತೂಕ ನೋಡಿಕೊಳ್ಳೋ ಮೆಷಿನ್ ಮೇಲೆ ಮರದ ತುಂಡು ನಿಲ್ಲಿಸಿ, ಟ್ರೇಲರಿನ ಮೂತಿಯನ್ನು ಅದರ ಮೇಲಿಟ್ಟರೆ ಲೆಕ್ಕ ಸಿಗುತ್ತೆ. ಭಾರದ ಸಾಮಾನೆಲ್ಲ ನೆಲಮಟ್ಟದಲ್ಲಿ, ಗಾಲಿಯ ಅಚ್ಚಿನ ಹತ್ತಿರ. ಹಗುರದ್ದು ಮೇಲೆ. ನೀರಿನ ಕ್ಯಾನುಗಳೆಲ್ಲ ಜಾಗ ಬದಲಾಯಿಸಿದವು.

ಆಮೇಲೆ ಕೊಕ್ಕೆಯ ಕೆಳಗಿನ ಎರಡು ಸುರಕ್ಷತಾ ಸರಪಳಿ. ನಾನು ನೇರವಾಗಿ ಸಿಕ್ಕಿಸಿದ್ದೆ. ಅವನ್ನು ಕತ್ತರಿ ಹಾಕಿದ ಹಾಗೆ ಅಡ್ಡಡ್ಡ ಸಿಕ್ಕಿಸಬೇಕು. ಕೊಕ್ಕೆ ಕಳಚಿದರೂ ಮೂತಿ ರಸ್ತೆಗೆ ಕುಕ್ಕದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತೆ. ಟೈರಿನ ಗಾಳಿ, ಗಾಲಿಯ ನಟ್ಟು, ಬ್ರೇಕ್ ಲೈಟು, ಇಂಡಿಕೇಟರು, ಎಲ್ಲ ನೋಡಿದ್ದಾಯಿತು. ಇನ್ನೊಂದು ಮಾತು: ಟ್ರೇಲರಿಗೂ ಅದರದ್ದೇ ನೋಂದಣಿ, ನಂಬರ್ ಪ್ಲೇಟು ಬೇಕು. ಬಾಡಿಗೆಗೋ ಎರವಲೋ ತರುವ ಮುಂಚೆ ದಾಖಲೆ ಕೇಳಿ ನೋಡಿ.

ಮಧ್ಯಾಹ್ನವೆಲ್ಲ ಕಣದಲ್ಲಿ ರಿವರ್ಸ್ ಪಾಠ. ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಮೊದಲು ಎಡಕ್ಕೆ. ಹತ್ತು ಸಲ ಸೊಟ್ಟ ಮಾಡಿ ಹನ್ನೊಂದನೇ ಸಲ ನೆಟ್ಟಗೆ ನಿಲ್ಲಿಸಿದೆ. ನನ್ನ ಮಗಳು ಹುಲ್ಲಿನ ಮೆದೆ ಹತ್ತಿರ ನಿಂತು ಚಪ್ಪಾಳೆ ತಟ್ಟಿದಳು.

ಹೊರಡುವಾಗ ಚಿಕ್ಕಪ್ಪ ಎರಡು ಮರದ ತುಂಡು ಕೊಟ್ಟರು, ಬೆಣೆಯ ಆಕಾರದ್ದು. "ಗಾಲಿಗೆ ಒತ್ತು ಕೊಡೋಕೆ. ರಸ್ತೆ ಮೇಲಿನ ಕಲ್ಲು ಎತ್ತಿ ಇಡಬೇಡ. ಇಟ್ಟೋರು ತೆಗೆಯಲ್ಲ. ಹಿಂದೆ ಬರೋ ಬೈಕಿನೋನು ಸಾಯ್ತಾನೆ." ಆಮೇಲೆ ಇನ್ನೊಂದು ಮಾತು ಹೇಳಿದರು. "ಯಾವ ಗೇರಲ್ಲಿ ಏರ್ತೀಯೋ ಅದೇ ಗೇರಲ್ಲಿ ಇಳಿ. ಯಾರು ಹಾರನ್ ಹೊಡುದ್ರೂ."

ಕೊಟ್ಟಿಗೆಹಾರದ ತನಕ

ಜನವರಿ ತಿಂಗಳು, ಬೆಳಿಗ್ಗೆ ಏಳಕ್ಕೆ ಹೊರಟೆವು. ಹಳೇಬೀಡು, ಬೇಲೂರು, ಮೂಡಿಗೆರೆ. ಬಯಲು ಮುಗಿದು ಕಾಫಿ ತೋಟ ಶುರುವಾಗುತ್ತಿದ್ದಂತೆ ರಸ್ತೆ ಏರಿಳಿಯುತ್ತೆ. ಏರಿನಲ್ಲಿ ಕಣ್ಣು ಇಂಜಿನ್ ಬಿಸಿಯ ಮುಳ್ಳಿನ ಮೇಲಿರಬೇಕು. ಅದು ಮೇಲೇರಿದರೆ ಎ.ಸಿ. ಆಫ್ ಮಾಡಿ, ಗೇರ್ ಇಳಿಸಿ, ಆದರೂ ಇಳಿಯದಿದ್ದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಹಿಂದೆ ನಾಲ್ಕು ವಾಹನ ಸೇರಿದರೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ. ಅವಸರದವರು ಮುಂದೆ ಹೋದರೆ ನಮಗೂ ನೆಮ್ಮದಿ.

ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದೆವು. ಅಮ್ಮ ಎರಡು ಲೋಟ ನೀರು ಕುಡಿದರು, ಮೇಲೊಂದು ಕಾಫಿ. ನಾನೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಆಮೇಲೆ ಮೊದಲು ತೆರೆದಿದ್ದು ಲಘು ವಾಹನಗಳಿಗೆ ಮಾತ್ರ. ಘಾಟಿಯ ನಿಯಮಗಳು ಮಳೆ, ಕಾಮಗಾರಿ ನೋಡಿಕೊಂಡು ಬದಲಾಗುತ್ತಿರುತ್ತವೆ. ಹಾಗಾಗಿ ನಾನು ಚೆಕ್‌ಪೋಸ್ಟಿನಲ್ಲಿ ಟ್ರೇಲರ್ ತೋರಿಸಿ ಕೇಳಿಯೇ ಮುಂದೆ ಹೋದೆ. "ಬೆಳಕಿರೋವಾಗ್ಲೇ ಇಳಿದುಬಿಡಿ ಸಾರ್" ಅಂದರು. ಆಗುಂಬೆಯನ್ನು ಮೊದಲೇ ಕೈಬಿಟ್ಟಿದ್ದೆ. ಅಲ್ಲಿನ 14 ಹೇರ್‌ಪಿನ್ ತಿರುವುಗಳು ಉದ್ದದ ಗಾಡಿಗಳಿಗೆ ಹೇಳಿ ಮಾಡಿಸಿದ್ದಲ್ಲ.

ಆ ವಾಸನೆ

ಮೊದಲ ಅರ್ಧ ಗಂಟೆ ಎಲ್ಲ ಪಾಠದಂತೆ ನಡೆಯಿತು. ಎರಡನೇ ಗೇರು, ಇಪ್ಪತ್ತು ಇಪ್ಪತ್ತೈದರ ವೇಗ. ತಿರುವಿನಲ್ಲಿ ಟ್ರೇಲರಿನ ಗಾಲಿ ಕಾರಿಗಿಂತ ಒಳಗೆ ಕತ್ತರಿಸಿಕೊಂಡು ಬರುತ್ತೆ. ಅದಕ್ಕೇ ಸ್ವಲ್ಪ ಅಗಲವಾಗಿ ತಿರುಗಿಸಬೇಕು, ಹಾಗಂತ ಎದುರಿನವರ ಲೇನಿಗೆ ನುಗ್ಗುವ ಹಾಗಿಲ್ಲ. ಎದುರು ಏರಿ ಬರುತ್ತಿದ್ದವರಿಗೆ ನಿಂತು ದಾರಿ ಬಿಟ್ಟೆ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಏರುವವರಿಗೇ ಮೊದಲ ಹಕ್ಕು, ನಿಯಮವೂ ಅದೇ.

ಆಮೇಲೆ ಹಿಂದೊಂದು ವ್ಯಾನು ಅಂಟಿಕೊಂಡಿತು. ಒಂದೇ ಸಮ ಹಾರನ್. ನಿಲ್ಲಿಸಲು ಜಾಗ ಕಾಣಲಿಲ್ಲ. ನನಗೂ ಸ್ವಲ್ಪ ಧೈರ್ಯ ಬಂದಿತ್ತು. ಮೂರನೇ ಗೇರಿಗೆ ಹಾಕಿದೆ.

ಎರಡೇ ತಿರುವಿನಲ್ಲಿ ಬೆನ್ನ ಹಿಂದಿನ ಮನೆ ನನ್ನನ್ನು ನೂಕುತ್ತಿರುವುದು ಗೊತ್ತಾಯಿತು. ಬ್ರೇಕ್ ಮೇಲೆ ಕಾಲಿಟ್ಟವನು ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. "ರೀ, ಏನೋ ಸುಡ್ತಿದೆ" ಅಂದಳು ನನ್ನ ಹೆಂಡತಿ. ಮುಂದಿನ ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲು ಮೆತ್ತಗೆ ಒಳಗೆ ಹೋಯಿತು. ಕಾರು ನಿಧಾನವಾಯಿತು, ಆದರೆ ನಾನು ಕೇಳಿದಷ್ಟಲ್ಲ. ಎಡಕ್ಕೆ ಬೆಟ್ಟ, ಬಲಕ್ಕೆ ತಡೆಗೋಡೆ, ಅದರಾಚೆ ಮರದ ತುದಿಗಳು ಮಾತ್ರ. ಕನ್ನಡಿಯಲ್ಲಿ ಅಮ್ಮನ ಮುಖ. ಅವರಿಗೇನೂ ಗೊತ್ತಾಗಿರಲಿಲ್ಲ, ಮಗಳಿಗೆ ಕಾಡು ತೋರಿಸುತ್ತಿದ್ದರು.

ಎರಡನೇ ಗೇರಿಗೆ ಇಳಿಸಿದೆ. ಇಂಜಿನ್ ಕಿರುಚಿತು, ಕಾರು ಬಿಗಿಯಾಯಿತು. ವೇಗ ಇಳಿದ ಮೇಲೆ ಮೊದಲನೇ ಗೇರು. ಬೆಟ್ಟದ ಕಡೆಗೆ ಅಗಲವಾದ ಜಾಗ ಸಿಕ್ಕಿದ್ದೇ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ವ್ಯಾನಿನವನು ಹಾರನ್ ಹೊಡೆಯುತ್ತಲೇ ಹೊರಟುಹೋದ.

ಚಿಕ್ಕಪ್ಪನ ಬೆಣೆಗಳನ್ನು ಗಾಲಿಗೆ ಕೊಟ್ಟೆ. ಕಾದ ಬ್ರೇಕಿಗೆ ನೀರು ಹುಯ್ಯಲಿಲ್ಲ. ಹುಯ್ದರೆ ಡಿಸ್ಕು ಸೊಟ್ಟಗಾಗಬಹುದು, ಸೀಳಲೂಬಹುದು. ಹ್ಯಾಂಡ್‌ಬ್ರೇಕನ್ನೂ ಬಿಗಿಯಾಗಿ ಎಳೆಯದೆ ಗೇರಿನಲ್ಲೇ ನಿಲ್ಲಿಸಿದೆ. ನಲವತ್ತು ನಿಮಿಷ ಕಾದೆವು. ಅಮ್ಮ ಕ್ಯಾಂಪರಿನೊಳಗೆ ಹೋಗಿ ಬಂದು, "ಒಳ್ಳೆ ಜಾಗದಲ್ಲಿ ನಿಲ್ಲಿಸಿದ್ದೀಯ ಬಿಡು, ಟೀ ಮಾಡ್ಲಾ?" ಅಂದರು. ಏನಾಯಿತು ಅಂತ ಆಗ ಹೇಳಲಿಲ್ಲ.

ಒಂದು ಹಂಡೆ ಕುದಿಯುವ ನೀರು

ಕಾಯುತ್ತಾ ಕೂತಾಗ ಫೋನಿನಲ್ಲಿ ಲೆಕ್ಕ ಹಾಕಿದೆ. ಕಾರು, ಟ್ರೇಲರು, ನಾವೆಲ್ಲ ಸೇರಿ 2,500 ಕೆಜಿ ಅಂತಿಟ್ಟುಕೊಳ್ಳಿ. ಅಷ್ಟು ಭಾರ 600 ಮೀಟರ್ ಎತ್ತರದಿಂದ ಇಳಿದರೆ ಹೊರಬೀಳುವ ಶಕ್ತಿಯಲ್ಲಿ ಸುಮಾರು 45 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಒಂದು ಹಂಡೆ ನೀರು! ಅಷ್ಟೂ ಬಿಸಿಯನ್ನು ಅಂಗೈ ಅಗಲದ ಬ್ರೇಕ್ ಪ್ಯಾಡುಗಳ ಮೇಲೆ ಹಾಕಿದರೆ ಅವು ಏನು ಮಾಡಬೇಕು? ಕಡಿಮೆ ಗೇರಿನಲ್ಲಿ ಇಳಿದರೆ ಅದರ ದೊಡ್ಡ ಪಾಲನ್ನು ಇಂಜಿನ್ ಹೊರುತ್ತೆ. ಬ್ರೇಕು ತಿರುವಿಗೆ ಮಾತ್ರ: ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ಸವರುತ್ತಾ ಇಳಿಯಬೇಡಿ.

ನಿಮ್ಮದು ಆಟೋಮ್ಯಾಟಿಕ್ ಕಾರಾದರೆ 'ಡಿ'ಯಲ್ಲೇ ಬಿಟ್ಟು ಇಳಿಯಬೇಡಿ. ಮ್ಯಾನ್ಯುಯಲ್ ಮೋಡ್ ಅಥವಾ 'ಎಲ್' ಇದ್ದರೆ ಅದಕ್ಕೆ ಹಾಕಿ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋದು, ಇಂಜಿನ್ ಆಫ್ ಮಾಡೋದು ಅಂತೂ ಬೇಡವೇ ಬೇಡ. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ಬಲವೂ ಸ್ಟೀರಿಂಗಿನ ಹಗುರವೂ ಹೋಗುತ್ತೆ. ಟ್ರೇಲರ್ ಓಲಾಡಲು ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ, ಆಚೀಚೆ ತಿರುಗಿಸಿ ಸರಿ ಮಾಡಲು ಹೋಗಬೇಡಿ.

ವಾಸನೆ ಹೋಯಿತು, ಪೆಡಲು ಮತ್ತೆ ಗಟ್ಟಿಯಾಯಿತು. ಹತ್ತು ಮೀಟರ್ ಮೆಲ್ಲಗೆ ಉರುಳಿಸಿ, ಬ್ರೇಕ್ ಹಿಡಿಯುತ್ತದೆಯಾ ಅಂತ ಎರಡು ಸಲ ನೋಡಿಕೊಂಡೇ ಹೊರಟೆ. ಉಳಿದ ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿದೆ. ಹಾರನ್ ಹೊಡೆದವರಿಗೆಲ್ಲ ಜಾಗ ಸಿಕ್ಕಿದಾಗ ದಾರಿ ಬಿಟ್ಟೆ, ಸಿಗುವ ತನಕ ಅವರೇ ಕಾದರು. ಯಾರಿಗೂ ಏನೂ ನಷ್ಟವಾಗಲಿಲ್ಲ.

ಧರ್ಮಸ್ಥಳದಲ್ಲಿ ಮಂಜುನಾಥನ ದರ್ಶನ ಮುಗಿಸಿ ಹೊರಬಂದ ಅಮ್ಮ ಕ್ಯಾಂಪರಿನ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದರು. "ಇನ್ನೊಂದ್ ಸಲ ಕುಕ್ಕೆಗೂ ಹೋಗ್ಬಹುದು ಅಲ್ವಾ?" ಅಂತ ಕೇಳಿದರು. ನಾಲ್ಕು ವರ್ಷದಿಂದ ಇದ್ದ "ಮುಂದಿನ ಸಲ ನೋಡೋಣ" ಅವತ್ತು ಬೇರೆ ದನಿಯಲ್ಲಿ ಕೇಳಿಸಿತು.

ಎರಡು ದಿನ ಬಿಟ್ಟು ಹುಲಿಕೆರೆಗೆ ವಾಪಸು ಬಂದಾಗ ಚಿಕ್ಕಪ್ಪ ಬಾಗಿಲಲ್ಲೇ ಇದ್ದರು. ನಮ್ಮನ್ನು ಮಾತಾಡಿಸುವ ಮುಂಚೆ ಬಗ್ಗಿ ಕಾರಿನ ಮುಂದಿನ ಗಾಲಿಯನ್ನು ನೋಡಿದರು. ಡಿಸ್ಕಿನ ಮೇಲೆ ನೀಲಿ ಕಲೆ ಬಿದ್ದಿತ್ತು.

"ಎಲ್ಲಿ?" ಅಂದರು.

"ಅರ್ಧ ದಾರೀಲಿ. ಮೂರನೇ ಗೇರು ಹಾಕ್ಬಿಟ್ಟೆ, ಚಿಕ್ಕಪ್ಪ."

ಬೈಯುತ್ತಾರೆ ಅಂದುಕೊಂಡಿದ್ದೆ. "ನಿಂತ್ಕಂಡ್ಯಲ್ಲ, ಅಷ್ಟು ಸಾಕು" ಅಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ಬನ್ನಿ ಅತ್ತಿಗೆ, ಕಾಲು ತೊಳ್ಕಳಿ" ಅಂತ ಒಳಗೆ ಕರೆದುಕೊಂಡು ಹೋದರು.

ಬೆಣೆಗಳನ್ನು ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಡಿಸ್ಕು, ಪ್ಯಾಡು ಎರಡನ್ನೂ ಬದಲಾಯಿಸಿದ್ದೇನೆ. ಬೆಣೆಗಳು ನನ್ನ ಡಿಕ್ಕಿಯಲ್ಲೇ ಇವೆ.