ಬಿಳಿ ಪಟ್ಟೆಯ ಕೆಂಪು ಕಡ್ಡಿ

ಭದ್ರಾವತಿ ಲಕ್ಷ್ಮೀನರಸಿಂಹ ದೇವಸ್ಥಾನದ ಹೊರಗೋಡೆಯ ಶಿಲ್ಪಗಳ ಎದುರು ನಿಂತೇಬಿಟ್ಟೆ, ಶಿವಮೊಗ್ಗದ ಬಸ್ಸೂ ತಪ್ಪಿತು. ಹೊಯ್ಸಳ ಶಿಲ್ಪಿಗಳ ಕೈಚಳಕ ಅಲ್ವಾ! ಅಷ್ಟೆತ್ತರದ ಕಿರೀಟ, ಮೈ ಕಾಣದಷ್ಟು ಒಡವೆ ಹೊತ್ತ ಮನುಷ್ಯರನ್ನ ಎಲ್ಲಿ ನೋಡಿದ್ದೀವಿ? ಆದರೂ ಕಣ್ಣು ಕೀಳೋಕಾಗಲ್ಲ.

ಮಿದುಳು ವಿಜ್ಞಾನಿ ವಿ.ಎಸ್. ರಾಮಚಂದ್ರನ್ 1999ರಲ್ಲಿ ವಿಲಿಯಂ ಹಿರ್ಸ್ಟೀನ್ ಜೊತೆ ಕಲೆಯ ಬಗ್ಗೆ ಬರೆದ ಲೇಖನ ನೆನಪಾಯ್ತು. ಕಡಲಹಕ್ಕಿ ಮರಿ ಅಮ್ಮನ ಕೊಕ್ಕಿನ ಕೆಂಪು ಚುಕ್ಕೆ ಕುಕ್ಕಿ ತುತ್ತು ಕೇಳುತ್ತೆ. ಮೂರು ಬಿಳಿ ಪಟ್ಟೆಯ ಕೆಂಪು ಕಡ್ಡಿ ಹಿಡಿದರೆ ಇನ್ನೂ ಜೋರಾಗಿ ಕುಕ್ಕುತ್ತೆ! ಕಲೆಯ ಉತ್ಪ್ರೇಕ್ಷೆಯೂ ನಮ್ಮ ಮಿದುಳಿಗೆ ಅಂಥ ಕಡ್ಡಿಯೇ ಅನ್ನೋದು ಅವರ ವಾದ.

ಇರಬಹುದು. ಆದರೆ ಬಳಪದ ಕಲ್ಲಿನ ಮೇಲೆ ‘ಇಷ್ಟು ಸಾಕು’ ಅಂತ ಉಳಿ ಕೆಳಗಿಟ್ಟನಲ್ಲ ಶಿಲ್ಪಿ, ಆ ಲೆಕ್ಕ ಹಕ್ಕಿಮರಿ ಕಥೆಯಲ್ಲಿ ಸಿಗಲ್ಲ.

ನಿಮಗೆ ಯಾವ ಶಿಲ್ಪದ ಮುಂದೆ ಬಸ್ ತಪ್ಪಿದೆ? ಹೇಳಿ.