ಸಾಜಾ ಮರದ ನೆರಳಿನಿಂದ ಚಿತ್ರಪಟದವರೆಗೆ

ಜಬಲ್ಪುರದಿಂದ ಹೊರಡುವ ರಸ್ತೆ ದಿಂಡೋರಿಯಲ್ಲಿ ನರ್ಮದೆಯ ದಡ ಮುಟ್ಟುತ್ತದೆ; ಇದೇ ಜಿಲ್ಲೆಯ ಪಾಟನ್‌ಗಢವೇ ಗೊಂಡ ಚಿತ್ರಕಲೆಯನ್ನರಸಿ ಬರುವ ಪ್ರವಾಸಿಗರ ಗುರಿ. ಇಲ್ಲಿನ ಪರಧಾನರು ಗೊಂಡರ ವಂಶಾವಳಿಯನ್ನೂ ದೇವರ ಕಥೆಗಳನ್ನೂ ಹಾಡಿಕೊಂಡು ಬಂದ ಗಾಯಕ ಸಮುದಾಯದವರು. ಕಮಾನಿನಿಂದ ನುಡಿಸುವ ಮೂರು ತಂತಿಗಳ ‘ಬಾನಾ’ ಅವರ ವಾದ್ಯವಾದರೆ, ಅದರ ನಾದಕ್ಕೆ ಎಚ್ಚರಗೊಳ್ಳುವ ಹಿರಿಯ ದೈವ ಬಡಾದೇವನ ನೆಲೆ ಸಾಜಾ ಮರ. ಮೊಸಳೆಯ ಬೆನ್ನಿನಂತೆ ಬಿರಿದ ತೊಗಟೆಯ ಈ ಮರ ಮಲೆನಾಡಿನವರಿಗೆ ಹೊಸದಲ್ಲ. ಅವರು ಮತ್ತಿ ಎನ್ನುವುದು ಇದನ್ನೇ.

ಊರಿನ ಮಣ್ಣಿನ ಗೋಡೆಗಳ ಮೇಲೆ ಹೆಂಗಸರು ಬರೆಯುವ ಜ್ಯಾಮಿತೀಯ ವಿನ್ಯಾಸಕ್ಕೆ ‘ಡಿಗ್ನಾ’ ಎಂದು ಹೆಸರು. ಬಿಳಿಮಣ್ಣು, ಕೆಮ್ಮಣ್ಣು, ಇದ್ದಿಲು, ಸಗಣಿ ಇವೇ ಅದರ ಬಣ್ಣಗಳಾದುದರಿಂದ, ಮಳೆಗೆ ಗೋಡೆ ತೊಳೆದುಹೋದಾಗ ಹಬ್ಬದ ಹೊತ್ತಿಗೆ ಮತ್ತೆ ಸಾರಿಸಿ ಬರೆಯಬೇಕಾಗುತ್ತದೆ.

ಈ ಊರಿನಲ್ಲಿ ಹುಟ್ಟಿದ ಜಂಗಢ ಸಿಂಗ್ ಶ್ಯಾಮ್ ಅವರ ಪ್ರತಿಭೆಯನ್ನು 1980ರ ದಶಕದ ಆರಂಭದಲ್ಲಿ ಗುರುತಿಸಿದವರು ಭೋಪಾಲದ ಭಾರತ ಭವನಕ್ಕಾಗಿ ಕಲಾಕೃತಿಗಳನ್ನು ಹುಡುಕುತ್ತಿದ್ದ ಕಲಾವಿದ ಜೆ. ಸ್ವಾಮಿನಾಥನ್. ಅಲ್ಲಿಯವರೆಗೆ ಹಾಡಿನಲ್ಲಷ್ಟೇ ಇದ್ದ ದೇವತೆಗಳು ಜಂಗಢರ ಕಾಗದದ ಮೇಲೆ ರೂಪ ಪಡೆದವು. ಜಿಂಕೆಯ ಕೊಂಬು ಕವಲೊಡೆದು ಮರವಾಯಿತು, ಪ್ರಾಣಿಗಳ ಮೈಯನ್ನು ಚುಕ್ಕಿಗಳೂ ಸಣ್ಣ ಗೀರುಗಳೂ ತುಂಬಿದವು. ಇದನ್ನು ಅಲಂಕಾರವೆಂದಷ್ಟೇ ಎಣಿಸುವುದು ತೀರಾ ಅನ್ಯಾಯ. ಕಾಡಿನ ಪ್ರತಿಯೊಂದು ಜೀವಕ್ಕೂ ಸಲ್ಲಬೇಕಾದ ಹಾಡನ್ನು ಸಲ್ಲಿಸುವ ಪರಧಾನರ ಹಳೆಯ ಹೊಣೆಯೇ ಇಲ್ಲಿ ಕುಂಚ ಹಿಡಿದಿದೆ. ಜಂಗಢರ ಚಿತ್ರಗಳು 1989ರಲ್ಲಿ ಪ್ಯಾರಿಸ್ಸಿನ ಪ್ರದರ್ಶನವೊಂದನ್ನು ತಲುಪಿದವು. 2001ರಲ್ಲಿ, ನಾಲ್ವತ್ತೂ ತುಂಬದ ವಯಸ್ಸಿನಲ್ಲಿ, ಅವರು ಜಪಾನಿನಲ್ಲಿ ತೀರಿಕೊಂಡದ್ದು ಭಾರತೀಯ ಕಲೆಗೆ ಇಂದಿಗೂ ತುಂಬದ ನಷ್ಟ.

ಅವರ ಹಾದಿ ಹಿಡಿದ ಬಂಧುಗಳೂ ಶಿಷ್ಯರೂ ಭೋಪಾಲದಲ್ಲಿ ನೆಲೆಸಿರುವುದರಿಂದ, ಪಾಟನ್‌ಗಢದ ಪ್ರಯಾಣ ಆ ನಗರಕ್ಕೆ ಹೋಗದೆ ಪೂರ್ಣವಾಗದು. ಬಾಲ್ಯದಲ್ಲಿ ಅಜ್ಜಿಯಿಂದ ಡಿಗ್ನಾ ಕಲಿತ ದುರ್ಗಾಬಾಯಿ ವ್ಯಾಮ್ ಅವರು ಪತಿ ಸುಭಾಷ್ ವ್ಯಾಮ್ ಅವರೊಡನೆ ಅಂಬೇಡ್ಕರರ ಬದುಕನ್ನು ಕುರಿತ ‘ಭೀಮಾಯನ’ ಚಿತ್ರಕಥನಕ್ಕೆ ಚಿತ್ರ ಬರೆದರು. ಅದರ ಪುಟಗಳನ್ನು ವಿಭಾಗಿಸುವುದು ಚೌಕಟ್ಟುಗಳಲ್ಲ, ಗೋಡೆಯಿಂದ ಇಳಿದುಬಂದ ಡಿಗ್ನಾದ ಬಳಕುವ ಪಟ್ಟಿಗಳು. ಮೃದು ಮಾತುಗಳನ್ನು ಹಕ್ಕಿಯ ಆಕಾರದೊಳಗೂ ಜಾತಿಯ ವಿಷ ಕಾರುವ ಮಾತುಗಳನ್ನು ಚೇಳಿನ ಕೊಂಡಿಯಿರುವ ಆಕಾರದೊಳಗೂ ಬರೆಯಲಾಗಿದೆ. ನೀರು ನಿರಾಕರಿಸಲ್ಪಟ್ಟ ಬಾಲಕ ಭೀಮನ ಬಾಯಾರಿಕೆಯನ್ನು ಹೇಳುವುದು ಅವನ ಮೈಯಲ್ಲಿ ಮೂಡಿದ ಮೀನು.